‘ಚೆನ್ನಾಗಿತ್ತು ಅಕ್ಕಾ’ ಅನ್ನುವ ಮೊದಲು...

ಭಜನೆ ಮುಗಿದು ಮಂಗಳಾರತಿ ಆಗಿದೆ. ಕೋಸಂಬರಿಯ ದೊನ್ನೆ ಕೈಗೆ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತ ಗೆಳತಿ ಮೆಲ್ಲಗೆ ಕೇಳ್ತಾರೆ, ‘ಹೆಂಗಿತ್ತು ನನ್ ಹಾಡು?’ ಶ್ರುತಿ ಒಂದು ದಾರಿ, ಅವರ ದನಿ ಇನ್ನೊಂದು ದಾರಿ ಹಿಡಿದದ್ದು ನಿಮಗೆ ಗೊತ್ತು. ಆದರೂ ನಿಮ್ಮ ಬಾಯಿಂದ ಬರೋದು ಒಂದೇ ಮಾತು: ‘ಚೆನ್ನಾಗಿತ್ತು.’ ಹೌದು ತಾನೇ?

ನಾನೂ ಹಾಗೇ ಹೇಳ್ತಿದ್ದೆ. ಒಂದೆರಡು ಸಲವಲ್ಲ, ಮೂರು ವರ್ಷ!

ಶಿವನಸಮುದ್ರದ ಬ್ಲಫ್‌ನಲ್ಲಿ ನಾವು ಹತ್ತು-ಹನ್ನೆರಡು ಹೆಂಗಸರು ಶನಿವಾರ ಸಂಜೆ ಸೇರಿ ಭಜನೆ ಮಾಡ್ತೀವಿ. ಗುಂಪು ಕಟ್ಟಿದವರು ಹಿರಿಯ ಅಕ್ಕ ಒಬ್ಬರು. ಹೆಸರು ಬೇಡ, ಅಕ್ಕ ಅಂತಲೇ ಕರೆಯೋಣ. 1902ರಲ್ಲಿ ಶುರುವಾದ ನಮ್ಮೂರಿನ ಪವರ್‌ಹೌಸಿನಲ್ಲಿ ಅವರ ಯಜಮಾನರಿಗೆ ಕೆಲಸವಿತ್ತು. ಮದುವೆಯಾಗಿ ಬಂದ ಅಕ್ಕ ಮನೆಮನೆಗೆ ಹೋಗಿ ನಮ್ಮನ್ನೆಲ್ಲ ಕರೆತಂದರು, ಹಾರ್ಮೋನಿಯಂ ತಂದರು, ದೇವರನಾಮ ಕಲಿಸಿದರು. ಅಂಥವರ ದನಿ ಈಚೆಗೆ ಮೇಲಿನ ಷಡ್ಜಕ್ಕೆ ಹೋದರೆ ಸಾಕು, ಜಾರುತ್ತಿತ್ತು. ಗಗನಚುಕ್ಕಿ ಭೋರ್ಗರೆಯುವ ಮಳೆಗಾಲದಲ್ಲಿ ಯಾರ ಅಪಶ್ರುತಿಯೂ ಕೇಳಲ್ಲ ಅಂತ ಚಿಕ್ಕವರು ನಗುತ್ತಿದ್ದರು. ಇಬ್ಬರು ಬರೋದನ್ನೇ ಬಿಟ್ಟರು. ಅಕ್ಕನಿಗೆ ಮಾತ್ರ ಯಾರೂ ಹೇಳಲಿಲ್ಲ.

ಕಳೆದ ಧನುರ್ಮಾಸದಲ್ಲಿ ಪಕ್ಕದೂರಿನ ಉತ್ಸವಕ್ಕೆ ಹಾಡಲು ಹೋಗಿದ್ದೆವು. ನಡುವೆ ಮೈಕ್ ಸೆಟ್ಟಿನ ಹುಡುಗ ಅಕ್ಕನ ಮುಂದಿನ ಮೈಕನ್ನಷ್ಟೇ ಸಣ್ಣಗೆ ಮಾಡಿದ. ಬಸ್ಸಿನಲ್ಲಿ ವಾಪಸ್ ಬರುವಾಗ ಅಕ್ಕ ಕೇಳಿದರು, ‘ನನ್ ಮೈಕ್ ಯಾಕ್ ಕಮ್ಮಿ ಮಾಡ್ದ ಆ ಹುಡ್ಗ?’ ‘ಮೈಕೇ ಕೆಟ್ಟಿತ್ತೇನೋ ಅಕ್ಕ’ ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಾವು ಗೆಳತಿಯರು ಬಚ್ಚಿಟ್ಟ ಮಾತನ್ನು ಗುರುತಿಲ್ಲದ ಹುಡುಗನೊಬ್ಬ ನೂರಾರು ಜನರ ಎದುರು ಹೇಳಿಬಿಟ್ಟಿದ್ದ.

ಮರುದಿನ ಅವರ ಮನೆಗೆ ಹೋದೆ. ಅಕ್ಕ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಕೂತು ನಾಲ್ಕು ಕಾಯಿ ಬಿಡಿಸಿ, ಧೈರ್ಯ ಮಾಡಿ ಹೇಳಿದೆ. ಅವರ ಕೈ ನಿಂತಿತು. ‘ಇಷ್ಟ್ ದಿನ ಎಲ್ಲಾರ್ಗೂ ಗೊತ್ತಿತ್ತಾ? ನಂಗೊಬ್ಳಿಗೇ ಗೊತ್ತಿರ್ನಿಲ್ವಾ?’

ಅವರಿಗೆ ನೋವಾದದ್ದು ದನಿ ಜಾರಿದ್ದಕ್ಕಲ್ಲ, ನಾವೆಲ್ಲ ಸೇರಿ ಮುಚ್ಚಿಟ್ಟದ್ದಕ್ಕೆ. ಅದಕ್ಕೇ ಈ ಮಾತನ್ನು ಬೇಗ ಹೇಳಬೇಕು. ಹೇಗೆ ಹೇಳಬೇಕು ಅನ್ನೋದನ್ನು ನಾನು ತಪ್ಪು ಮಾಡಿ ಕಲಿತದ್ದು.

ಮೊದಲು ಕಾರಣ ತಿಳಿಯಿರಿ

‘ಅವರಿಗೆ ಹಾಡೋಕೆ ಬರಲ್ಲ’ ಎಂದು ಷರಾ ಬರೆಯುವ ಮೊದಲು ತೊಂದರೆ ಎಲ್ಲಿದೆ ನೋಡಿ. ಶ್ರುತಿಯೋ, ತಾಳವೋ, ದನಿಯೋ, ಕಿವಿಯೋ? ನಮ್ಮ ದನಿ ನಮಗೆ ಗಾಳಿಯಿಂದ ಮಾತ್ರವಲ್ಲ, ತಲೆಯ ಮೂಳೆಗಳ ಮೂಲಕವೂ ಕೇಳುತ್ತದೆ. ಹಾಗಾಗಿ ಬೇರೆಯವರಿಗೆ ಕೇಳುವ ದನಿಯೇ ಬೇರೆ, ನಮಗೆ ಕೇಳುವ ದನಿಯೇ ಬೇರೆ. ಗುಂಪಿನಲ್ಲಂತೂ ನಮ್ಮ ತಪ್ಪು ನಮಗೆ ಗೊತ್ತಾಗುವುದೇ ಕಷ್ಟ. ಸ್ವರದ ಏರಿಳಿತವೇ ತಿಳಿಯದ ಹುಟ್ಟು ಕೊರತೆ ಇರುವವರು ತೀರಾ ಕಡಿಮೆ, ಹೆಚ್ಚೆಂದರೆ ನೂರಕ್ಕೆ ನಾಲ್ಕು ಮಂದಿ. ಉಳಿದವರಿಗೆ ಅಭ್ಯಾಸದಿಂದ ಸುಧಾರಿಸುವ ಅವಕಾಶ ಇದ್ದೇ ಇದೆ.

ವಯಸ್ಸಿನ ಮಾತೂ ಇದೆ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ತುಸು ದಪ್ಪವಾಗಿ ಕೆಳಗಿಳಿಯುವುದು ಸಹಜ. ಥೈರಾಯ್ಡ್ ತೊಂದರೆಯಿಂದಲೂ ದನಿ ಗೊಗ್ಗರಾಗಬಹುದು. ಮೊದಲು ಐದೂವರೆ ಮನೆ ಶ್ರುತಿಯಲ್ಲಿ ಸಲೀಸಾಗಿ ಹಾಡುತ್ತಿದ್ದವರಿಗೆ ಈಗ ನಾಲ್ಕೂವರೆ ಹಿತವಾಗಬಹುದು. ಕಿವಿ ಮಂದವಾಗಿದೆ ಅನ್ನಿಸಿದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ, ದನಿ ಎರಡನ್ನೂ ನೋಡುತ್ತಾರೆ.

ಹೇಳುವುದು ಹೀಗೆ

• ಒಬ್ಬರೇ ಇರುವಾಗ ಹೇಳಿ. ಹಾಡಿದ ಕೂಡಲೇ ಬೇಡ, ಕಾರ್ಯಕ್ರಮದ ಹಿಂದಿನ ದಿನವಂತೂ ಬೇಡವೇ ಬೇಡ.

• ಒಂದೇ ಒಂದು ವಿಷಯ ಹೇಳಿ, ಅದೂ ತಿದ್ದಲು ಆಗುವಂಥದ್ದು. ‘ನಿಮಗೆ ಶ್ರುತಿಜ್ಞಾನವೇ ಇಲ್ಲ’ ಅಂದರೆ ಬಾಗಿಲು ಮುಚ್ಚಿತು. ‘ಅನುಪಲ್ಲವಿಯಲ್ಲಿ ಮೇಲೆ ಹೋದಾಗ ದನಿ ಕೆಳಗೆ ಜಾರ್ತಿದೆ ಅಕ್ಕ, ಶ್ರುತಿ ಒಂದು ಮನೆ ಇಳಿಸಿ ನೋಡೋಣವಾ?’ ಅಂದರೆ ದಾರಿ ತೆರೆಯಿತು.

• ‘ಎಲ್ಲರೂ ಹಾಗಂತಾರೆ’ ಎಂದು ಬೇರೆಯವರನ್ನು ಎಳೆತರಬೇಡಿ. ‘ನನಗೆ ಹೀಗೆ ಕೇಳಿಸ್ತು’ ಎನ್ನಿ.

• ಸುಳ್ಳು ಹೊಗಳಿಕೆ ಸೇರಿಸಬೇಡಿ. ನಿಜವಾಗಿ ಚೆನ್ನಾಗಿರೋದು ಏನಾದರೂ ಇದ್ದೇ ಇರುತ್ತದೆ. ನಮ್ಮ ಅಕ್ಕನ ತಾಳ ಒಂದು ದಿನವೂ ತಪ್ಪಿದ್ದಿಲ್ಲ, ಸಾಹಿತ್ಯ ಮರೆತದ್ದಿಲ್ಲ. ಅದನ್ನು ಹೇಳಿ.

• ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳುವುದು ಒಳ್ಳೆಯ ಉಪಾಯ. ಆದರೆ ಅವರನ್ನು ಕೇಳಿಯೇ ಮಾಡಿ. ಮೊದಲ ಸಲ ಅವರೊಬ್ಬರೇ ಕೇಳಲಿ. ಗ್ರೂಪಿಗೆ ಕಳಿಸಿ ನಗೆಪಾಟಲು ಮಾಡಬೇಡಿ.

• ಹೇಳಿ ಕೈತೊಳೆದುಕೊಳ್ಳಬೇಡಿ, ಜತೆಗೆ ಕೂತು ಅಭ್ಯಾಸ ಮಾಡಿ. ತಂಬೂರಿ ಹಾಕಿಕೊಂಡು ದಿನಕ್ಕೆ ಹತ್ತು ನಿಮಿಷ ಸ-ಪ-ಸ ಹಿಡಿದು ನಿಲ್ಲಿಸಿ. ಆಮೇಲೆ ಮಾಯಾಮಾಳವಗೌಳದ ಸರಳೆ ವರಸೆ. ಪುರಂದರದಾಸರು ಹಾಕಿಕೊಟ್ಟರೆಂದು ನಂಬುವ ಈ ಮೊದಲ ಪಾಠಕ್ಕೆ ಮರಳಲು ಯಾವ ವಯಸ್ಸಾದರೇನು?

ಕುಂದು ಹೇಳಿದರೆ ಅವಮಾನವೇ?

ನಮ್ಮೂರಿಗೆ ಬರುವ ಕಾವೇರಿ ತಿರುಮಕೂಡಲನ್ನು ದಾಟಿಯೇ ಬರುತ್ತಾಳೆ. ಅಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು (1895-1967) ದೊಡ್ಡ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿನವರೆಗೆ ತಲುಪಲೆಂದು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅಂಥ ದೊಡ್ಡವರೇ ನಾದದಲ್ಲಿ ಕೊರತೆ ಕಂಡಾಗ ಉಪಾಯ ಹುಡುಕಿದರು. ಶನಿವಾರದ ಭಜನೆಯ ನಾವು ಸಂಕೋಚಪಡುವುದು ಯಾಕೆ?

ಇನ್ನೊಂದು ಮಾತು. ಎಲ್ಲರಿಗೂ ಎಲ್ಲವೂ ಸರಿಹೋಗುವುದಿಲ್ಲ. ಅಭ್ಯಾಸ ಮಾಡಿಯೂ ಕೆಲವು ಹಾಡು ಕೂಡಿಬರದಿರಬಹುದು. ಆಗ ಅವರನ್ನು ಮೂಲೆಗೆ ತಳ್ಳಬೇಡಿ. ತಾಳ, ನಾಮಾವಳಿ, ಹಾಡುಗಳ ಆಯ್ಕೆ, ಮಕ್ಕಳಿಗೆ ಸಾಹಿತ್ಯ ಕಲಿಸುವುದು... ಗುಂಪಿನಲ್ಲಿ ಕೆಲಸಕ್ಕೇನು ಬರವೇ? ಭಜನೆಗೆ ಬರೋದು ಸಂಗೀತಕ್ಕೆ ಮಾತ್ರ ಅಲ್ಲವಲ್ಲ. ಮನೆಯಿಂದಾಚೆ ನಮಗೂ ಒಂದು ಜಾಗ ಇದೆ ಅನ್ನೋ ನೆಮ್ಮದಿಗೂ ಬರ್ತೀವಿ. ಸತ್ಯ ಹೇಳುವ ಭರದಲ್ಲಿ ಆ ಜಾಗ ಕಿತ್ತುಕೊಂಡರೆ ಹೇಳದೇ ಇದ್ದದ್ದೇ ವಾಸಿ.

ಅಕ್ಕ ಮೂರು ಶನಿವಾರ ಬರಲಿಲ್ಲ. ನಾನು ಹೋಗಿ ಕರೆದೆ, ಮಾತಾಡಲಿಲ್ಲ. ನಾಲ್ಕನೇ ವಾರ ತಾವಾಗೇ ಬಂದು ಹಾರ್ಮೋನಿಯಂ ಮುಂದೆ ಕೂತು ‘ನಾಲ್ಕೂವರೆಗೆ ಇಳ್ಸನ ಕಣ್ರವ್ವಾ’ ಅಂದರು. ಈಗ ಎಷ್ಟೋ ಹಾಡು ಕೂಡುತ್ತವೆ. ಕೂಡದ್ದನ್ನು ‘ಇದ್ನ ನೀವ್ ಎತ್ಕೊಳಿ’ ಎಂದು ತಾಳ ಹಿಡಿಯುತ್ತಾರೆ.

ಮೊನ್ನೆ ಭಜನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ‘ನೀನು ಚರಣದಲ್ಲಿ ತಾಳ ಓಡಿಸ್ತೀಯ ಕಣಮ್ಮ. ಮೂರ್ ವರ್ಷದಿಂದ ಹೇಳ್ಬೇಕು ಅನ್ಕೊಂಡಿದ್ದೆ, ಬೇಜಾರ್ ಮಾಡ್ಕೊತೀಯ ಅಂತ ಸುಮ್ನಿದ್ದೆ’ ಅಂದರು!

ಮುಖ ಕೆಂಪಾಯಿತು, ನಿಜ. ಆದರೆ ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ತಾಳ ಹಾಕುತ್ತಾ ಕೂತಿದ್ದೆ.