ಗುದ್ದು ಹೊರಡುವ ಮೊದಲೇ ಹಿಡಿದ ಜಾನ್ಸನ್

ಹಳೆಯ ಬಾಕ್ಸಿಂಗ್ ಫಿಲ್ಮಿನಲ್ಲಿ ಜಾಕ್ ಜಾನ್ಸನ್‌ನ ಎಡಗೈ ನೋಡಿ! ಅದು ಗುದ್ದುತ್ತಿಲ್ಲ, ಮುಖಕ್ಕೆ ಅಡ್ಡವಾಗಿಯೂ ಇಲ್ಲ. ಗ್ಲೌಸಿನೊಳಗೇ ಬೆರಳು ಬಿಡಿಸಿಕೊಂಡು ಜಿಮ್ ಜೆಫ್ರೀಸ್‌ನ ರಟ್ಟೆಯ ಮೇಲೆ ಸುಮ್ಮನೆ ಕೂತಿದೆ. ಜೆಫ್ರೀಸ್ ಗುದ್ದಲೆಂದು ಭುಜ ಅಲುಗಿಸುತ್ತಾನೆ. ಆ ಅಂಗೈ ಚೂರೇ ಚೂರು ಒತ್ತುತ್ತದೆ. ಅಷ್ಟೇ, ಗುದ್ದು ಹೊರಡುವುದೇ ಇಲ್ಲ! ಬಂದ ಏಟನ್ನು ತಡೆಯುವವರನ್ನು ಬೇಕಾದಷ್ಟು ನೋಡಿದ್ದೇವೆ. ಏಟು ಹುಟ್ಟುವ ಜಾಗದಲ್ಲೇ ಅದನ್ನು ಅದುಮಿಬಿಡುವ ಈ ವರಸೆ ಎಂಥದ್ದು!

1910ರ ಜುಲೈ 4, ಅಮೆರಿಕದ ನೆವಾಡಾದ ರೀನೊ ಊರು. ಜಗತ್ತಿನ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಜಾನ್ಸನ್‌ನನ್ನು ಕೆಳಗಿಳಿಸಲೆಂದೇ, ನಿವೃತ್ತನಾಗಿದ್ದ ಬಿಳಿಯ ದೈತ್ಯ ಜೆಫ್ರೀಸ್‌ನನ್ನು ಮತ್ತೆ ರಿಂಗಿಗೆ ಕರೆತಂದಿದ್ದರು. 15ನೇ ಸುತ್ತಿನಲ್ಲಿ ಅವನ ಕಥೆ ಮುಗಿಯಿತು.

ಹಾಗಾದರೆ ಹಳೆಯ ಬಾಕ್ಸರ್‌ಗಳು ಒರಟರು, ಕಲೆ ಗೊತ್ತಿಲ್ಲದವರು ಎಂಬ ಮಾತು ಹುಟ್ಟಿದ್ದೆಲ್ಲಿ? ಒಂದು ಕಾರಣ ಫಿಲ್ಮಿನಲ್ಲೇ ಇದೆ. ಆಗಿನ ಕ್ಯಾಮೆರಾಗಳನ್ನು ಕೈಯಿಂದ ತಿರುಗಿಸುತ್ತಿದ್ದರು. ಆ ರೀಲುಗಳನ್ನು ನಂತರದ ಪ್ರೊಜೆಕ್ಟರ್‌ಗಳಲ್ಲಿ ಬೇರೆ ವೇಗಕ್ಕೆ ಓಡಿಸಿದಾಗ ಮಹಾಮಹಾ ಜಟ್ಟಿಗಳೆಲ್ಲ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಕುಣಿದರು. ಅದೂ ಸಾಲದೆಂಬಂತೆ, ಜಾನ್ಸನ್ ಗೆದ್ದ ಉರಿಗೆ 1912ರಲ್ಲಿ ಬಾಕ್ಸಿಂಗ್ ಫಿಲ್ಮುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯುವುದನ್ನೇ ಅಮೆರಿಕದ ಕಾನೂನು ನಿಷೇಧಿಸಿತು. ಅದು ರದ್ದಾದದ್ದು 1940ರಲ್ಲಿ! ಸರಿಯಾದ ವೇಗದಲ್ಲಿ ನೋಡಿದರೆ ಎಲ್ಲವೂ ಬೇರೆಯೇ. ಒಂದೊಂದು ಹೆಜ್ಜೆಗೂ ಲೆಕ್ಕವಿದೆ.

ಕೈ ಕೆಳಗಿಟ್ಟು ನಿಲ್ಲುತ್ತಿದ್ದರಲ್ಲ, ಅದು ಅಜ್ಞಾನವಲ್ಲವೇ? ಅಲ್ಲವೇ ಅಲ್ಲ! ಅವರ ಗ್ಲೌಸು ನಾಲ್ಕೈದು ಔನ್ಸಿನದು; ಇಂದಿನದು ಎಂಟು, ಹತ್ತು ಔನ್ಸು. ಇಂದಿನ ದಪ್ಪ ಗ್ಲೌಸಿನ ಹಿಂದೆ ಮುಖ ಮರೆಸಿಕೊಳ್ಳಬಹುದು. ಆ ಚಿಕ್ಕ ಗ್ಲೌಸಿನ ಸಂದಿಯಲ್ಲಿ ಏಟು ನುಗ್ಗಿಬಿಡುತ್ತದೆ. ಅದಕ್ಕೇ ಅವರು ದೂರವನ್ನೇ ಗುರಾಣಿ ಮಾಡಿಕೊಂಡರು. ಸೊಂಟದಿಂದ ಹಿಂದಕ್ಕೆ ವಾಲಿದರು, ಏಟನ್ನು ಅಂಗೈಯಲ್ಲಿ ಹಿಡಿದರು. ತಲೆಬುರುಡೆಗೆ ಬೀಸಿದರೆ ಬೆರಳ ಮೂಳೆಯೇ ಮುರಿಯುವ ಭಯ, ಹಾಗಾಗಿ ಸಿಕ್ಕಸಿಕ್ಕಲ್ಲಿ ಗುದ್ದುತ್ತಿರಲಿಲ್ಲ. ಇಬ್ಬರೂ ತಬ್ಬಿಕೊಂಡರೆ ಇಂದು ರೆಫರಿ ಬಿಡಿಸುತ್ತಾನೆ. ಜಾನ್ಸನ್‌ನ ನಿಜವಾದ ಆಟ ಶುರುವಾಗುತ್ತಿದ್ದುದೇ ಅಲ್ಲಿ: ಒಂದು ಕೈ ಎದುರಾಳಿಯ ತೋಳನ್ನು ಕಟ್ಟಿಹಾಕಿದರೆ, ಇನ್ನೊಂದು ಕೆಳಗಿನಿಂದ ಅಪ್ಪರ್‌ಕಟ್ ಎತ್ತುತ್ತಿತ್ತು.

ಇನ್ನು ಜೋ ಗಾನ್ಸ್! ಬಾಲ್ಟಿಮೋರಿನ ಈ ಲೈಟ್‌ವೇಟ್ ಚಾಂಪಿಯನ್ನನ್ನು ‘ಓಲ್ಡ್ ಮಾಸ್ಟರ್’ ಎಂದೇ ಕರೆಯುತ್ತಿದ್ದರು. 1906ರ ಸೆಪ್ಟೆಂಬರ್ 3ರಂದು ಗೋಲ್ಡ್‌ಫೀಲ್ಡ್ ಎಂಬ ಗಣಿ ಊರಿನ ಬಿಸಿಲಲ್ಲಿ ಬ್ಯಾಟ್ಲಿಂಗ್ ನೆಲ್ಸನ್ ಎದುರು ಅವನು ಆಡಿದ್ದು 42 ಸುತ್ತು. ಸೊಂಟದ ಕೆಳಗೆ ಹೊಡೆದ ತಪ್ಪಿಗೆ ನೆಲ್ಸನ್ ಅನರ್ಹನಾದ. ಇಂದಿನ ವಿಶ್ವ ಪ್ರಶಸ್ತಿಯ ಪಂದ್ಯ 12 ಸುತ್ತಿಗೆ ಮುಗಿಯುತ್ತದೆ. 42 ಸುತ್ತು ಬರೀ ಗುಂಡಿಗೆಯಿಂದ ಆಗುವ ಕೆಲಸವಲ್ಲ; ಒಂದು ಚೂರು ಶಕ್ತಿಯೂ ಪೋಲಾಗದ ಹಾಗೆ ಮೈಯನ್ನು ನಡೆಸುವ ವಿದ್ಯೆ ಬೇಕು.

ಇಂದಿನವರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಒಂದೇ ಉಸಿರಿಗೆ ನಾಲ್ಕೈದು ಪಂಚ್ ಪೋಣಿಸುವ ಚುರುಕು, ಮೂರು ನಿಮಿಷವೂ ಬತ್ತದ ರಭಸ ಇವರ ಸೊತ್ತು. ವೇಗದಲ್ಲಿ ಇವರೇ ಮೇಲು ಎಂದು ಒಪ್ಪುತ್ತೇನೆ. ಆದರೆ ಇವರ ಎಷ್ಟೋ ಪಟ್ಟುಗಳ ಬೇರು ಅಲ್ಲಿದೆ! ಹುಡುಗ ಮೈಕ್ ಟೈಸನ್ ಕ್ಯಾಟ್‌ಸ್ಕಿಲ್‌ನಲ್ಲಿ ಗುರು ಕಸ್ ಡಮಾಟೊ ಮನೆಯಲ್ಲಿ ಕೂತು ನೋಡುತ್ತಿದ್ದುದು ಏನನ್ನು? ಜಿಮ್ ಜೇಕಬ್ಸ್ ಸಂಗ್ರಹಿಸಿದ್ದ ಇಂಥ ಹಳೆಯ ರೀಲುಗಳನ್ನೇ.

ನಮ್ಮ ಕಾಲದ ಬಾಕ್ಸರ್ ಟೆರೆನ್ಸ್ ಕ್ರಾಫರ್ಡ್ ಪಂದ್ಯದ ನಡುವೆ ನಿಲುವು ಬದಲಿಸಿ, ಹಿಂದಿದ್ದ ಕಾಲನ್ನು ಮುಂದಿಟ್ಟು ಹೊಡೆದಾಗ ನಾವು ಬೆರಗಾದೆವು. 1897ರ ಮಾರ್ಚ್ 17ರಂದು ಕಾರ್ಸನ್ ಸಿಟಿಯಲ್ಲಿ, ಕಮ್ಮಾರಿಕೆ ಮಾಡಿ ಬೆಳೆದ ಬಾಬ್ ಫಿಟ್ಜ್‌ಸಿಮನ್ಸ್ ತನಗಿಂತ ಭಾರದ ಜಿಮ್ ಕಾರ್ಬೆಟ್ ಎದುರು 14ನೇ ಸುತ್ತಿನಲ್ಲಿ ಹೀಗೇ ಬಲಗಾಲನ್ನು ಮುಂದಕ್ಕೆ ತಂದ. ಎಡಗೈಯನ್ನು ಎದೆಗೂಡಿನ ಕೆಳಗಿನ ಗುಳಿಗೆ ನೆಟ್ಟ. ಕಾರ್ಬೆಟ್‌ಗೆ ಪ್ರಜ್ಞೆ ಇತ್ತು, ಏಳಬೇಕೆಂಬ ಹಟವೂ ಇತ್ತು. ಉಸಿರು ಮಾತ್ರ ಇರಲಿಲ್ಲ. ಅವನು ತೆವಳುತ್ತಿರುವಾಗಲೇ ಎಣಿಕೆ ಹತ್ತು ಮುಟ್ಟಿತು!