ಹಿರಿಯರ ಮೌನಕ್ಕೆ ಕಿವಿಯೂ ಕಾರಣವಿರಬಹುದು

ಮನೆಯ ಹಿರಿಯರ ಕಣ್ಣಿಗೆ ಪೊರೆ ಬಂದರೆ ಆಪರೇಷನ್ ಮಾಡಿಸುತ್ತೀರಿ. ಹಲ್ಲು ಬಿದ್ದರೆ ಹಲ್ಲಿನ ಸೆಟ್ ಕಟ್ಟಿಸುತ್ತೀರಿ. ಕಿವಿ ಮಂದವಾದರೆ ಮಾತ್ರ ‘ವಯಸ್ಸಾಯಿತಲ್ಲ, ಇನ್ನೇನು’ ಎಂದು ಸುಮ್ಮನಾಗುವುದೇ ಹೆಚ್ಚು. ಈ ಅಸಡ್ಡೆಯ ಪರಿಣಾಮ ಕಿವಿಯಲ್ಲೇ ನಿಲ್ಲುವುದಿಲ್ಲ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಾಕಾರದ ಪುಟ್ಟ ಅಂಗವೊಂದಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ನರಸಂದೇಶವಾಗಿ ಬದಲಿಸಿ ಮಿದುಳಿಗೆ ಕಳಿಸುತ್ತವೆ. ವಯಸ್ಸು, ವರ್ಷಗಟ್ಟಲೆ ಯಂತ್ರಗಳ ಗದ್ದಲದಲ್ಲಿ ದುಡಿದದ್ದು, ಕೆಲವು ಔಷಧಿಗಳು ಇವನ್ನು ಹಾಳು ಮಾಡುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳನ್ನು ಗ್ರಹಿಸುವ ಕೋಶಗಳು. ಸ, ಕ, ಪ, ತ ಮೊದಲಾದ ಅಕ್ಷರಗಳ ಗುರುತು ಸಿಗುವುದು ಈ ಸ್ವರಗಳಿಂದಲೇ. ಆದ್ದರಿಂದ ಕಾಲು, ಸಾಲು, ಪಾಲು ಮೂರೂ ಒಂದೇ ಥರ ಕೇಳುತ್ತವೆ. ‘ಶಬ್ದ ಕೇಳುತ್ತೆ ಡಾಕ್ಟ್ರೇ, ಮಾತು ಗೊತ್ತಾಗಲ್ಲ’ ಎಂದು ರೋಗಿಗಳು ಹೇಳುವುದು ಇದನ್ನೇ. ಮಗನ ದಪ್ಪ ದನಿ ಕೇಳಿ, ಸೊಸೆಯ ಇಲ್ಲವೇ ಮೊಮ್ಮಗುವಿನ ಸಣ್ಣ ದನಿ ಕೇಳದಿದ್ದರೆ ‘ಬೇಕಾದ್ದು ಮಾತ್ರ ಕೇಳುತ್ತೆ’ ಎಂಬ ಆಪಾದನೆ ಬೇರೆ!

ಅರ್ಧಂಬರ್ಧ ಕೇಳಿದ ಮಾತನ್ನು ಮಿದುಳು ಊಹೆಯಿಂದ ತುಂಬಿಕೊಳ್ಳಬೇಕು. ಇದು ದಣಿವಿನ ಕೆಲಸ. ಎರಡು ಸಲ ‘ಏನಂದೆ?’ ಎಂದು ಕೇಳಿದವರು, ಎದುರಿನವರ ಮುಖ ಗಂಟಾದದ್ದು ಕಂಡು ಮೂರನೆಯ ಸಲ ಸುಮ್ಮನೆ ನಕ್ಕು ತಲೆಯಾಡಿಸುತ್ತಾರೆ. ಆಮೇಲೆ ಮದುವೆ ಮುಂಜಿಗೆ ಹೋಗುವುದು ನಿಲ್ಲುತ್ತದೆ, ನೆಂಟರು ಬಂದರೆ ಒಳಕೋಣೆ ಸೇರುತ್ತಾರೆ. ಒಂಟಿತನ, ಖಿನ್ನತೆ, ವಿನಾಕಾರಣ ಸಿಡುಕು, ‘ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ’ ಎಂಬ ಗುಮಾನಿ ಒಂದೊಂದಾಗಿ ಬರುತ್ತವೆ. ಮನೆಯವರು ಇದಕ್ಕೆ ಅರಳುಮರಳು ಎಂದು ಹೆಸರಿಡುತ್ತಾರೆ. ಮರೆವಿನ ಪರೀಕ್ಷೆಯಲ್ಲಿ ನಾವು ವೈದ್ಯರು ಕೇಳುವ ಪ್ರಶ್ನೆಗಳೂ ಬಾಯಿಮಾತಿನವೇ ತಾನೆ? ಪ್ರಶ್ನೆಯೇ ಕೇಳಿಸದವರು ಉತ್ತರ ಹೇಳುವುದು ಹೇಗೆ?

ನಿಜವಾದ ಮರೆವಿನ ಕಾಯಿಲೆಗೂ ಕಿವಿಗೂ ನಂಟಿದೆ. ತಡೆಯಲು ಸಾಧ್ಯವಿರುವ ಅದರ 14 ಕಾರಣಗಳನ್ನು 2024ರಲ್ಲಿ ‘ಲ್ಯಾನ್ಸೆಟ್’ ಆಯೋಗ ಪಟ್ಟಿ ಮಾಡಿತು. ಅವುಗಳಲ್ಲಿ ಶ್ರವಣ ದೋಷವೂ ಒಂದು. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಮಂದಿಯನ್ನು ಮೂರು ವರ್ಷ ಗಮನಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಶ್ರವಣ ಸಾಧನ ಕೊಟ್ಟಿದ್ದರಿಂದ ಒಟ್ಟಾರೆ ಗುಂಪಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಮೊದಲೇ ಹೆಚ್ಚಾಗಿದ್ದವರಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಶೇ. 48ರಷ್ಟು ಕಡಿಮೆಯಾಯಿತು. ಯಂತ್ರ ಹಾಕಿದರೆ ಮರೆವು ಬರುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು ಸಂಗತಿ. ‘ಸಕ್ಕರೆ ಮಾತ್ರೆ ಬೆಳಿಗ್ಗೆ ಒಂದೇ, ತಿಂಡಿ ಬಿಟ್ಟರೆ ಬೇಡ’ ಎಂದಾಗ ‘ಹೂಂ’ ಎಂದು ಎದ್ದು ಹೋಗುವ ಅಜ್ಜಿಗೆ ಕೇಳಿಸಿದ್ದೆಷ್ಟೋ! ಅವರ ಜತೆ ಒಬ್ಬರು ಬನ್ನಿ, ಔಷಧಿಯ ವಿವರ ಬರೆಸಿಕೊಳ್ಳಿ.

ಟಿವಿಯ ಸದ್ದು ಏರುತ್ತಿದ್ದರೆ, ಫೋನಿನಲ್ಲಿ ಮಾತು ತಿಳಿಯದಿದ್ದರೆ ಕಿವಿ ತೋರಿಸಿ. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆ ತೆಗೆದರೇ ಸಾಕಾಗುತ್ತದೆ. ಬಿಸಿ ಎಣ್ಣೆ, ಹೇರ್‌ಪಿನ್ ಬೇಡ. ಆಮೇಲೆ ಆಡಿಯೋಗ್ರಾಂ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಒಳ್ಳೆಯ ವ್ಯವಸ್ಥೆಯಿದೆ. ಅರುವತ್ತು ದಾಟಿದ ಬಡವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಸಾಧನ ಉಚಿತ. ದಿಢೀರನೆ ಒಂದು ಕಿವಿ ಕೇಳದಾದರೆ ಮಾತ್ರ ಅಂದೇ ತಜ್ಞರ ಬಳಿ ಓಡಿ, ದಿನ ಕಳೆದಷ್ಟೂ ಚಿಕಿತ್ಸೆಯ ಫಲ ಕಡಿಮೆ.

ಹೊಸ ಸಾಧನ ಹಾಕಿದಾಗ ಫ್ಯಾನಿನ ಸದ್ದು, ಪಾತ್ರೆಯ ಸದ್ದು ಎಲ್ಲವೂ ಕಿವಿಗೆ ಬಡಿಯುತ್ತವೆ. ಬೇಸತ್ತು ಅದನ್ನು ಬೀರುವಿನೊಳಗೆ ಇಟ್ಟುಬಿಡುವವರೇ ಬಹಳ. ಮೊದಲು ದಿನಕ್ಕೆ ಒಂದೆರಡು ಗಂಟೆ, ನಿಶ್ಶಬ್ದ ಕೋಣೆಯಲ್ಲಿ ಹಾಕಿಸಿ. ಮಿದುಳಿಗೆ ಒಗ್ಗಲು ಕೆಲವು ವಾರ ಬೇಕು. ಅಷ್ಟು ದಿನ ಕಿರುಚಬೇಡಿ. ಕಿರುಚಿದರೆ ನೋವಾಗುತ್ತದೆಯೇ ಹೊರತು ಮಾತು ಸ್ಪಷ್ಟವಾಗದು. ಟಿವಿ ಆರಿಸಿ, ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡಿ.