ಸೆಕೆಯ ನಾಡಿಗೆ ಎಂತಹ ಕಿಟಕಿ?

ಮಂಗಳೂರಿನಂತಹ ಕರಾವಳಿಯ ಊರುಗಳಲ್ಲಿ ಹಳೆಯ ಮರದ ಕಿಟಕಿಗಳನ್ನು ತೆಗೆದು ಜಾರುಗಾಜಿನ ಕಿಟಕಿಗಳನ್ನು ಕೂರಿಸುವುದುಂಟು. ಆ ಬಳಿಕ ಮನೆಯೊಳಗೆ ಸೆಕೆ ಹೆಚ್ಚಿದರೆ ನಾವು ಬೇಸಗೆಯನ್ನು ದೂರುತ್ತೇವೆ. ನಿಜವಾದ ಕಾರಣ ಕಿಟಕಿಯಲ್ಲಿಯೇ ಇರಬಹುದು.

ಬೆವರು ಆವಿಯಾಗುವಾಗ ನಮ್ಮ ದೇಹದ ಶಾಖವನ್ನು ಕೊಂಡೊಯ್ಯುತ್ತದೆ. ತೇವ ತುಂಬಿದ ಗಾಳಿ ನಿಶ್ಚಲವಾಗಿದ್ದರೆ ಬೆವರು ಬೇಗ ಆರದು; ಗಾಳಿ ಬೀಸಿದರೆ ಹಾಯೆನಿಸುತ್ತದೆ. ಎರಡು ಕದಗಳ ಜಾರುಕಿಟಕಿಯನ್ನು ಎಷ್ಟು ತೆರೆದರೂ ಅರ್ಧಭಾಗ ಮುಚ್ಚಿಯೇ ಇರುತ್ತದೆ. ತಿರುಗಣೆಯ ಕದಗಳಾದರೋ ಪೂರ್ಣವಾಗಿ ತೆರೆದುಕೊಳ್ಳುತ್ತವೆ. ಒಳಬಂದ ಗಾಳಿ ಹೊರಹೋಗಲು ಎದುರುಗೋಡೆಯಲ್ಲಿಯೂ ದಾರಿಯಿರಬೇಕು.

ಎರಡನೆಯದು ಬಿಸಿಲು. 3 ಮಿಲಿಮೀಟರ್ ದಪ್ಪದ ಸಾಮಾನ್ಯ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಸೌರಶಾಖದಲ್ಲಿ ನೂರಕ್ಕೆ ಸುಮಾರು 85 ಪಾಲನ್ನು ಒಳಬಿಡುತ್ತದೆ. ಒಳಗೆ ಬಿಸಿಯಾದ ವಸ್ತುಗಳು ಸೂಸುವ ದೀರ್ಘತರಂಗಗಳನ್ನಾದರೋ ಅದು ಹೊರಗೆ ಹಾಯಗೊಡದು. ಆದುದರಿಂದ ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಳಗಿನ ಪರದೆ ಸಾಲದು. ಸಂಜೆಯ ಸೂರ್ಯನು ತಗ್ಗಿನಲ್ಲಿರುವುದರಿಂದ ಪಶ್ಚಿಮದ ಕಿಟಕಿಗೆ ಸಜ್ಜೆಯೂ ಸಾಲದು. ಅಲ್ಲಿ ಓರೆಪಟ್ಟಿಗಳ ಮರದ ಕದವೇ ಲೇಸು. ಅದು ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತದೆ.

ಇನ್ನು ಚೌಕಟ್ಟು. ಕಬ್ಬಿಣವನ್ನು ಕಡಲಿನ ಉಪ್ಪುಗಾಳಿ ತಿನ್ನುತ್ತದೆ. ಅಲ್ಯೂಮಿನಿಯಮ್ಮಿನ ಉಷ್ಣವಾಹಕತೆ ಮರದ ಸಾವಿರ ಮಡಿಗೂ ಮಿಗಿಲು. ದುಬಾರಿಯಾದ ಎರಡು ಪದರದ ಗಾಜು ಹವಾನಿಯಂತ್ರಿತ ಕೋಣೆಗೆ ಸಲ್ಲುತ್ತದೆ. ಹಗಲಿರುಳು ತೆರೆದಿಡುವ ಕಿಟಕಿಗೆ ಅದರಿಂದ ಲಾಭವಿಲ್ಲ.

ಆದುದರಿಂದ ಹಣ ತೆರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳೋಣ: ಕಿಟಕಿ ಎಷ್ಟು ತೆರೆಯುತ್ತದೆ? ಯಾವ ದಿಕ್ಕಿಗಿದೆ? ನೆರಳು ಹೊರಗಿದೆಯೇ? ಹಳೆಯ ಮರದ ಚೌಕಟ್ಟು ಗಟ್ಟಿಯಾಗಿದ್ದರೆ ಕದಗಳನ್ನಷ್ಟೇ ಹೊಸತಾಗಿಸುವುದು ಜಾಣತನ.